ಎದುರು ಬಾಗಿಲಿನ ಗೆಳತಿ

ನನ್ನ ತಂಗಿ ಇಪ್ಪತ್ತೆರಡು ವರ್ಷದಿಂದ ಗಗನಸಖಿ. ಆ ಪದ ಅವಳಿಗೆ ಹಿಡಿಸದು. "ಮೊಣಕಾಲು ನೋಯೋ ಸಖಿ ಅನ್ನು" ಎನ್ನುತ್ತಾಳೆ. ಅದರಲ್ಲಿ ಒಂಬತ್ತು ವರ್ಷ ವಿಮಾನದ ಹಿಂಬದಿಯ ಎಡಬಾಗಿಲು ಅವಳದು, ಬಲಬಾಗಿಲು ಅವಳ ಗೆಳತಿ ಕಡ್ಡಿಯದು. ಮೈಕಟ್ಟು ನೋಡಿ ಇಟ್ಟ ಹೆಸರು.

ಇಬ್ಬರ ನಡುವೆ ಮಾತೇ ಬೇಕಿರಲಿಲ್ಲ. ಒಮ್ಮೆ ಊಟ ಬಿಸಿಮಾಡುವ ಒಲೆಯಿಂದ ಹೊಗೆ ಎದ್ದಾಗ ಒಬ್ಬಳು ಕರೆಂಟ್ ತೆಗೆದಳು, ಇನ್ನೊಬ್ಬಳು ಬೆಂಕಿ ಆರಿಸುವ ಸಿಲಿಂಡರ್ ಹಿಡಿದಳು. ಮುಂದಿನ ಸಾಲಿನವರಿಗೆ ಗೊತ್ತೇ ಆಗಲಿಲ್ಲ. ಅದನ್ನು ಕೇಳಿ ನಾನೂ ಮೆಚ್ಚಿದ್ದೆ.

ಹೊರಡುವ ಮುನ್ನ ಬಾಗಿಲಿನ ತುರ್ತು ಜಾರುಬಂಡೆಯನ್ನು ಸಜ್ಜುಮಾಡಿ, ಕಿಟಕಿಗೆ ಅಡ್ಡಲಾಗಿ ಕೆಂಪು ಪಟ್ಟಿ ಎಳೆಯುತ್ತಾರೆ. ಆಮೇಲೆ ಬಾಗಿಲು ತೆರೆದರೆ ಜಾರುಬಂಡೆ ಗಾಳಿ ತುಂಬಿಕೊಂಡು ಹೊರಗೆ ಚಿಮ್ಮುತ್ತದೆ. ಇಳಿದ ಮೇಲೆ ಅದನ್ನು ಬಾಗಿಲಿನಿಂದ ಬಿಚ್ಚಿ, ಪಟ್ಟಿ ತೆಗೆದು, ಪ್ರತಿಯೊಬ್ಬಳೂ ಎದುರಿನ ಬಾಗಿಲನ್ನು ಕಣ್ಣಾರೆ ನೋಡಬೇಕು. ಇವರಿಬ್ಬರು ಬಾಗಿಲು ನೋಡದೆ, ಒಬ್ಬರಿಗೊಬ್ಬರು ಹುಬ್ಬು ಹಾರಿಸಿ ಮುಗಿಸುತ್ತಿದ್ದರು.

ಒಂದು ಮಧ್ಯಾಹ್ನ ವಿಮಾನ ಇಳಿದು ನಿಂತಾಗ ಕಡ್ಡಿ ಯಾರದೋ ಕನ್ನಡಕವನ್ನು ಸೀಟಿನಡಿ ಹುಡುಕುತ್ತಿದ್ದಳು. ತಂಗಿ ತನ್ನ ಬಾಗಿಲು ಮುಗಿಸಿ, ಎದುರು ನೋಡದೆಯೇ, "ಎರಡೂ ಸರಿಯಿದೆ" ಎಂದು ಮುಂಬದಿಯ ಸಿಬ್ಬಂದಿಗೆ ಫೋನಿನಲ್ಲಿ ಹೇಳಿದಳು. ಅದನ್ನು ಕೇಳಿ, ತನ್ನದನ್ನೂ ಗೆಳತಿಯೇ ಬಿಚ್ಚಿರುತ್ತಾಳೆ ಎಂದುಕೊಂಡು ಬಂದ ಕಡ್ಡಿ ಬಾಗಿಲಿನ ಹಿಡಿಗೆ ಕೈಹಾಕಿದಳು. ಹೊರಗೆ, ಬಾಗಿಲ ಮಟ್ಟಕ್ಕೆ ಎತ್ತಿದ ಗಾಡಿಯಲ್ಲಿ, ಊಟ ತರುವವನು ಬಾಗಿಲಿಗೆ ಮೂಗು ತಾಗುವಷ್ಟು ಹತ್ತಿರ ನಿಂತಿದ್ದ. ಅವನನ್ನು ನೋಡಲು ಬಗ್ಗಿದಾಗ ಕಿಟಕಿಯ ಕೆಂಪು ಪಟ್ಟಿ ಕಣ್ಣಿಗೆ ಬಿತ್ತು, ಹಿಡಿ ಬಿಟ್ಟಳು.

"ಏನೂ ಆಗಲಿಲ್ಲವಲ್ಲೇ," ಎಂದಳು ಕಡ್ಡಿ ಆಮೇಲೆ. "ನೀನು ವರದಿ ಬರೆದುಕೊಟ್ರೆ ನಮ್ಮಿಬ್ಬರನ್ನ ಬೇರೆ ಮಾಡ್ತಾರೆ."

"ಮಾಡಲಿ. ನಿನ್ನ ಬಾಗಿಲು ನೋಡೋದು ಬಿಟ್ಟು ನನಗೆ ಎಷ್ಟು ವರ್ಷ ಆಯ್ತು, ಹೇಳು."



ತಂಗಿ ವರದಿ ಬರೆದಳು. ಬೇರೆ ಮಾಡಿದರು. ಕಡ್ಡಿ ಒಂದು ತಿಂಗಳು ಮುಖ ಊದಿಸಿಕೊಂಡಿದ್ದಳು. ಹೊಸಬರ ಜೊತೆ ತಂಗಿ ಪ್ರತಿಯೊಂದನ್ನೂ ಬಾಯಿಬಿಟ್ಟು ಹೇಳಬೇಕಾಯಿತು. ಗಂಟಲು ಕಟ್ಟಿತು, ಎದುರಿನ ಬಾಗಿಲು ನೋಡುವುದು ಮಾತ್ರ ತಪ್ಪಲಿಲ್ಲ. ಆದರೆ ಹೊಗೆ ಎದ್ದ ದಿನ ಪಕ್ಕದಲ್ಲಿ ಯಾರಿರಬೇಕು ಎಂದು ಕೇಳಿದರೆ ಈಗಲೂ ಅವಳು ಕಡ್ಡಿಯ ಹೆಸರನ್ನೇ ಹೇಳುತ್ತಾಳೆ. ಎರಡೂ ನಿಜ.

ನಾಲ್ಕು ತಿಂಗಳಾದ ಮೇಲೆ ತಿಂಗಳಿಗೆ ಎರಡು ಸಲ ಇಬ್ಬರನ್ನೂ ಒಂದೇ ವಿಮಾನಕ್ಕೆ ಹಾಕತೊಡಗಿದರು. ಮೊದಲ ದಿನ ಕಡ್ಡಿ ಮುಖ ಬಿಗಿದುಕೊಂಡೇ ಕೇಳಿದಳಂತೆ:

"ನನ್ನ ಬಾಗಿಲು ನೋಡಿದ್ರಾ, ಮೇಡಂ?"

"ಇನ್ನೂ ಇಲ್ಲ. ನೀವು ಅಡ್ಡ ನಿಂತ್ರೂ ಬಾಗಿಲು ಕಾಣುತ್ತೆ, ಆದ್ರೂ ಸ್ವಲ್ಪ ಸರೀರಿ."

ಕಡ್ಡಿ ನಕ್ಕು ಸರಿದಳು. ತಂಗಿ ಹತ್ತಿರ ಹೋಗಿ, ಬಗ್ಗಿ, ನೋಡಿದಳು.