ಗುಡಗೇರಿ ಮಿಸ್ತ್ರಿಯ ಅಂಗೈ

ಗುಡಗೇರಿ ಸ್ಟೇಷನ್ ರಸ್ತೆಯ ಗ್ಯಾರೇಜಿನ ಹೊಳೆಯಪ್ಪ ಮಿಸ್ತ್ರಿಯನ್ನು ಕೇಳದೆ ಸುತ್ತಲಿನ ಊರವರು ಯಾರೂ ಮಾಲು ಸಾಗಿಸುವ ಗಾಡಿ ಕೊಳ್ಳುತ್ತಿರಲಿಲ್ಲ. ಯಾವ ಡೀಸೆಲ್ ಇಂಜಿನ್ನಿನ ಹೆಸರು ಹೇಳಿದರೂ ಅವನದೊಂದು ತಕರಾರು ಸಿದ್ಧವಿರುತ್ತಿತ್ತು: ಇದು ಭಾಳ ಎಣ್ಣಿ ಕುಡಿತೈತಿ, ಅದು ಏರಿನ್ಯಾಗ ತೇಕತೈತಿ, ಇನ್ನೊಂದು ಎರಿಮಣ್ಣಾಗ ಹೂತರ ಎತ್ತು ಕಟ್ಟಿ ಎಳೀಬೇಕು. ೧೯೮೬ರಲ್ಲಿ ಸಂಶಿಯ ರೇವವ್ವ ಮೆಣಸಿನಕಾಯಿ ಸಾಗಿಸಲು ಗಾಡಿ ಕೊಳ್ಳಹೊರಟಾಗ, ಹುಬ್ಬಳ್ಳಿಯ ಏಜೆಂಟ ಹೊಸ ಜಪಾನಿ ಇಂಜಿನ್ನಿನ ಗಾಡಿಯನ್ನು ಗ್ಯಾರೇಜಿಗೇ ತಂದ. ಮಿಸ್ತ್ರಿ ಅದನ್ನು ಚಾಲೂ ಮಾಡಿಸಿ, ಇಂಜಿನ್ನಿನ ಮುಚ್ಚಳದ ಮೇಲೆ ಅಂಗೈಯೂರಿ, ಕಣ್ಣು ಮುಚ್ಚಿ ನಿಂತ. ಏಜೆಂಟ ಎರಡು ಸಲ ಕೂಗಿದರೂ ಅಲುಗಲಿಲ್ಲ. “ಇವರಿಗೆ ಕಿವೀನ ಕೇಳೂದಿಲ್ಲ, ಇಂಜಿನ್ ಏನ್ ಪರೀಕ್ಷಾ ಮಾಡ್ತಾರ್ರಿ?” ಎಂದು ಏಜೆಂಟ ರೇವವ್ವನತ್ತ ತಿರುಗಿ ನಕ್ಕ. ಅಷ್ಟರಲ್ಲಿ ಕಣ್ಣು ತೆರೆದಿದ್ದ ಮಿಸ್ತ್ರಿ ಅವನ ತುಟಿಯಿಂದಲೇ ಮಾತು ತಿಳಿದುಕೊಂಡ. “ಮೂವತ್ತು ವರ್ಷ ಇಂಜಿನ್ ಬಾಜೂನ ನಿಂತು ಕಿವಿ ಕಳಕೊಂಡೇನ್ರಿ. ಈಗ ಕೈಲೆ ಕೇಳ್ತೀನಿ,” ಎಂದ. ರೇವವ್ವನಿಗೆ, “ಇಂಜಿನ್ ಅಗದಿ ಛಲೋ ಐತ್ರಿ ಅಕ್ಕಾರ, ತಗೋರಿ,” ಎಂದು ಹೇಳಿ, ಏಜೆಂಟನ ಕೈ ಹಿಡಿದು ಮುಚ್ಚಳದ ಮೇಲೆ ಒತ್ತಿದ. “ನೀವು ಮಾರೂದು ಏನಂತ ಒಮ್ಮೆ ನೀವೂ ಕೇಳ್ರಿ.”