ದಾಕ್ಷಾಯಣಮ್ಮ ಬಡಿಸಿದ ತುಪ್ಪ

ಹಿರೀಸಾವೆಯ ರಸ್ತೆ ಬದಿಯಲ್ಲಿ ದಾಕ್ಷಾಯಣಮ್ಮನ ಹೋಟೆಲು ಅಂದರೆ ಒಂದು ಪಡಸಾಲೆ, ಎರಡು ಒಲೆ, ಕೂತು ಉಣ್ಣಲು ನಾಲ್ಕಾರು ಹಲಗೆ, ಅಷ್ಟೇ. ಗಂಡ ಪಂಚಾಕ್ಷರಯ್ಯ ತೀರಿಕೊಂಡ ಮೇಲೆ ಆಕೆ ಒಬ್ಬಳೇ ಅದನ್ನು ನಡೆಸಿದಳು. ಆಕೆ ದಪ್ಪಗಿದ್ದಳು, ಹುಟ್ಟಿದಾಗಿನಿಂದಲೂ ದಪ್ಪ. ತಾಯಿಯ ಮನೆಯಲ್ಲಿ ಅದನ್ನು ಲಕ್ಷ್ಮೀಕಳೆ ಅನ್ನುತ್ತಿದ್ದರು. ಗಂಡ ಏನೂ ಅನ್ನಲಿಲ್ಲ. ಊರವರು ಆಕೆಯ ಕೈಯಡುಗೆ ಉಂಡು ಹರಸಿದರು. ಹಾಗಾಗಿ ನಲವತ್ತು ದಾಟುವ ತನಕ ತನ್ನ ಮೈ ತಾನು ಹೊತ್ತು ತಿರುಗುವ ಭಾರವೆಂದು ಆಕೆಗೆ ಗೊತ್ತೇ ಇರಲಿಲ್ಲ. ಅದನ್ನು ಗೊತ್ತು ಮಾಡಿಸಿದವನು ಬಸ್ ಕಂಡಕ್ಟರ್ ಷಡಕ್ಷರಿ.

ಯುದ್ಧದ ಕಾಲ ಅದು. ಪೆಟ್ರೋಲು ಸಿಗದೆ ಬಸ್ಸಿನ ಹಿಂದೆ ಇದ್ದಿಲಿನ ಕೊಳಗ ಕಟ್ಟಿ, ಅದರ ಹೊಗೆಯಲ್ಲೇ ಓಡಿಸುತ್ತಿದ್ದರು. ಸಮನೆಲದಲ್ಲಿ ಹೇಗೋ ಓಡುತ್ತಿತ್ತು. ಏರು ಬಂದರೆ ಮುದುಕನ ಹಾಗೆ ಕೆಮ್ಮಿ ನಿಲ್ಲುತ್ತಿತ್ತು. ಆಗ ಗಂಡಸರು ಇಳಿದು ನಡೆಯಬೇಕು, ಹೆಂಗಸರು ಕೂತಿರಬೇಕು. ಆ ದಾರಿಯ ರೂಢಿ ಹಾಗಿತ್ತು.

ಹಾಸನಕ್ಕೆ ಕೊಟ್ಟಿದ್ದ ಮಗಳು ನೀಲಾಂಬಿಕೆಯನ್ನು ಅತ್ತೆಮನೆಯವರು ಹೆರಿಗೆಗೆ ಕಳಿಸಲಿಲ್ಲ, ಅಲ್ಲಿನ ಆಸ್ಪತ್ರೆಯಲ್ಲೇ ಗಂಡು ಮಗು ಹುಟ್ಟಿತು. ತೊಟ್ಟಿಲ ಶಾಸ್ತ್ರಕ್ಕೆಂದು ದಾಕ್ಷಾಯಣಮ್ಮ ಹೊಸ ಸೀರೆಯುಟ್ಟು, ತುಪ್ಪದ ಗಿಂಡಿ ಹಿಡಿದು ಬಸ್ಸು ಹತ್ತಿದಳು. ಚನ್ನರಾಯಪಟ್ಟಣ ದಾಟಿದ ಮೇಲಿನ ಏರಿನಲ್ಲಿ ಬಸ್ಸು ನಿಂತಿತು. ಗಂಡಸರು ಇಳಿದರೂ ಅಲುಗಲಿಲ್ಲ. ಕಡ್ಡಿಯಂಥ ಷಡಕ್ಷರಿ ಬಾಗಿಲಲ್ಲಿ ನಿಂತು ಒಳಗೆ ಕಣ್ಣಾಡಿಸಿದ.

"ಅಕ್ಕಾರೇ, ನೀವೊಬ್ರು ಇಳುದ್ಬುಡಿ. ನಾಕು ಜನ ಇಳುದಂಗಾಯ್ತದೆ."

ಬಸ್ಸೆಲ್ಲ ನಕ್ಕಿತು. ಹೆಂಗಸರೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಆಕೆ ಇಳಿದಳು. ಅವನ ಮಾತನ್ನು ನಿಜ ಮಾಡಲೆಂದೇ ಎಂಬಂತೆ ಬಸ್ಸು ಜಗ್ಗಿ ಮುಂದಕ್ಕೆ ಹೊರಟಿತು. ಏದುಸಿರು ಬಿಡುತ್ತ ಆಕೆ ಏರು ಹತ್ತಿ ಬರುವಾಗ, ಮೇಲೆ ನಿಂತಿದ್ದ ಬಸ್ಸಿನ ಒಂದೊಂದು ಕಿಟಕಿಯಲ್ಲೂ ಒಂದು ಮುಖವಿತ್ತು. "ನೋಡ್ರಪ್ಪಾ, ಇಂದ್ಗಡೆ ಬಸ್ಸೂ ಬಂತು" ಅಂದ ಷಡಕ್ಷರಿ.

ಶಾಸ್ತ್ರದ ಮನೆಯಲ್ಲಿ ಆಕೆ ಮೂಲೆ ಹಿಡಿದಳು. ಚಾಪೆಯಿಂದ ಏಳುವಾಗ ಯಾರಾದರೂ ನೋಡಿಯಾರೆಂದು ಮಗುವನ್ನು ಎತ್ತಿಕೊಳ್ಳಲೂ ಇಲ್ಲ. ಊರಿಗೆ ಬಂದವಳು ಮತ್ತೆ ಬಸ್ಸು ಹತ್ತಲಿಲ್ಲ. ಮಗಳು ಹೇಳಿ ಕಳಿಸಿದರೆ ಮಂಡಿನೋವು ಅಂದಳು, ಹಸು ಕರು ಹಾಕುವುದಿದೆ ಅಂದಳು. ಕನ್ನಡಿಯನ್ನು ಗೋಡೆಗೆ ಮುಖ ಮಾಡಿ ತಿರುಗಿಸಿಟ್ಟಳು. ಮಾತನಾಡುವಾಗ ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಳ್ಳುವುದೇ ಒಂದು ಚಾಳಿಯಾಯಿತು. ಕೂತು ಉಣ್ಣುವುದು ಬಿಟ್ಟು ಒಲೆಯ ಹಿಂದೆ ನಿಂತೇ ತಿಂದಳು. ಬೇಸರಕ್ಕೆ ತಿಂದಳು, ತಿಂದೆನಲ್ಲಾ ಎಂದು ಬೇಸರಪಟ್ಟಳು. ಮೈ ಇನ್ನೂ ಬೆಳೆಯಿತು, ನಿದ್ದೆ ಹೋಯಿತು.

ಇಷ್ಟಾದರೂ ಆ ಬಸ್ಸು ಇದ್ದಿಲು ತುಂಬಿಕೊಳ್ಳಲು ದಿನಾ ನಿಲ್ಲುತ್ತಿದ್ದುದು ಆಕೆಯ ಹೋಟೆಲಿನ ಮುಂದೆಯೇ. ಬಸ್ಸು ನಿಲ್ಲಿಸಿದ್ದಕ್ಕೆ ಡ್ರೈವರ್ ಚಲುವಯ್ಯನಿಗೂ ಷಡಕ್ಷರಿಗೂ ಬಿಟ್ಟಿ ಊಟ. ಷಡಕ್ಷರಿಗೆ ಏರಿನಲ್ಲಿ ತಾನು ಅಂದದ್ದು ಅವತ್ತೇ ಮರೆತುಹೋಗಿತ್ತು. ಒಂದು ದಿನ ಬೆರಳು ನೆಕ್ಕುತ್ತ ಅವನೇ ಅಂದ:

"ಎಷ್ಟುಂಡ್ರೂ ನಂಗೆ ಮೈ ಅತ್ತಾಕಿಲ್ಲ ಕಣಕ್ಕಾ."

ದಾಕ್ಷಾಯಣಮ್ಮ ಸೌಟು ಕೆಳಗಿಟ್ಟಳು. ಆಮೇಲೆ ಗಿಂಡಿ ತಂದು ಅವನ ಮುದ್ದೆಯ ಮೇಲೆ ತುಪ್ಪ ಸುರಿದಳು.

ಅಲ್ಲಿಂದ ಶುರುವಾಯಿತು. ಅಕ್ಕಿಗೆ ಊರೆಲ್ಲ ಪರದಾಡುವ ಕಾಲದಲ್ಲಿ ಅವನಿಗೆ ಎರಡು ಹೊತ್ತೂ ಬೆಣ್ಣೆ ಹಚ್ಚಿದ ರಾಗಿರೊಟ್ಟಿ, ಹಬ್ಬವಿಲ್ಲದೆಯೂ ಕಾಯೊಬ್ಬಟ್ಟು, ದಾರಿಗೆಂದು ಎಳ್ಳುಂಡೆ. ಹಸು ಆಕೆಯದೇ, ತೆಂಗೂ ಆಕೆಯದೇ. ಎಂಥ ತಾಯಿಕರುಳು ಎಂದು ಜನ ಹೊಗಳಿದರು. ತಾಯಿಯಿಲ್ಲದ ಹುಡುಗ ಷಡಕ್ಷರಿ ಅಕ್ಕ ಎನ್ನುವುದು ಬಿಟ್ಟು ಅವ್ವ ಎಂದು ಕರೆಯತೊಡಗಿದ. ಅವ್ವ ಎಂದಾಗಲೆಲ್ಲ ಆಕೆ ಇನ್ನೊಂದು ಸೌಟು ಬಡಿಸಿದಳು.

ಸೌದೆ ತರುತ್ತಿದ್ದ ಬೆಟ್ಟಮ್ಮ ಮಾತ್ರ ಹೊರೆ ಇಳಿಸಿ ಕೇಳಿದಳು: "ಅಬ್ಬುಕ್ಕೆ ಕುರಿ ಮೇಯ್ಸ್ದಂಗೆ ಮೇಯಿಸ್ತಿದ್ದೀರಲ್ಲವ್ವಾ. ಏನ್ ಮಾಡೀರಿ ಇವನ್ನ?"

"ತೂಕ ಆಕ್ತೀನಿ" ಅಂದಳು ದಾಕ್ಷಾಯಣಮ್ಮ.

ವಿಚಿತ್ರವೆಂದರೆ, ಅವನು ಊದುತ್ತ ಬಂದ ಹಾಗೆ ಆಕೆಗೆ ನಿದ್ದೆ ಹತ್ತತೊಡಗಿತು. ಎರಡು ವರ್ಷದ ಹೊತ್ತಿಗೆ ಅವನ ಅಂಗಿಯ ಗುಂಡಿ ಕೂಡುತ್ತಿರಲಿಲ್ಲ. ಸೀಟುಗಳ ನಡುವೆ ಅಡ್ಡಡ್ಡ ಹೋಗುತ್ತಿದ್ದ. ಕಾಲ ಕೂಡಿ ಬಂತೆಂದು ಆಕೆ ತೊಟ್ಟಿಲ ಶಾಸ್ತ್ರಕ್ಕೆ ಉಟ್ಟಿದ್ದ ಆ ಸೀರೆಯನ್ನೇ ಉಟ್ಟು ಹಾಸನಕ್ಕೆ ಹೊರಟಳು. ಏರಿನಲ್ಲಿ ಅವನಿಗೆ ತಿರುಗಿಸಿ ಅನ್ನಬೇಕಾದ ಅವನದೇ ಮಾತನ್ನು ಎಲೆಯಡಿಕೆಯ ಹಾಗೆ ದವಡೆಯಲ್ಲಿ ಇಟ್ಟುಕೊಂಡಿದ್ದಳು.

ಏರು ಬಂತು. ಬಸ್ಸು ಕೆಮ್ಮಿತು. ಆಕೆ ಬಾಯಿ ತೆರೆಯುವ ಮೊದಲೇ ಷಡಕ್ಷರಿ ಎಲ್ಲರಿಗಿಂತ ಮುಂಚೆ ಇಳಿದುಬಿಟ್ಟ. ಯಾರೂ ಹೇಳುವ ಮೊದಲೇ ಅವನು ಇಳಿದುಬಿಡುತ್ತಾನೆ, ಎಷ್ಟೋ ತಿಂಗಳಾಯಿತು ಹೀಗೆ ಎಂದ ಚಲುವಯ್ಯ. ಹಿಂದಿನ ಕಿಟಕಿಯಿಂದ ಆಕೆ ನೋಡಿದಳು. ಜನರಿಂದ ದೂರ, ರಸ್ತೆಯ ಅಂಚಿನಲ್ಲಿ ತಲೆ ತಗ್ಗಿಸಿ ಬರುತ್ತಿದ್ದ. ಹೆಜ್ಜೆಗೊಮ್ಮೆ ಅಂಗಿಯನ್ನು ಹೊಟ್ಟೆಯಿಂದ ಬಿಡಿಸಿ ಎಳೆಯುತ್ತಿದ್ದ, ತನ್ನ ಸೆರಗನ್ನು ಆಕೆ ಎಳೆಯುತ್ತಿದ್ದ ಹಾಗೆಯೇ. ಬಡಿಸಿದ ಎಲೆಯನ್ನು ಉಣ್ಣುವ ಮೊದಲೇ ಯಾರೋ ಎಳೆದುಕೊಂಡಂತಾಯಿತು ಆಕೆಗೆ.

ಹಾಸನದಲ್ಲಿ ಮೊಮ್ಮಗ ಆಕೆಯನ್ನು ನೋಡಿ ತಾಯಿಯ ಸೀರೆಯೊಳಗೆ ಮುಖ ಹುದುಗಿಸಿ ಅತ್ತ. ಹೊಸಬರನ್ನು ಕಂಡರೆ ಹಾಗೇ ಅವನು ಎಂದಳು ನೀಲಾಂಬಿಕೆ. ಹೊಸಬರು ಎಂಬ ಮಾತನ್ನು ಎದೆಯಲ್ಲಿಟ್ಟುಕೊಂಡೇ ದಾಕ್ಷಾಯಣಮ್ಮ ಹಿಂದಿರುಗಿದಳು.

ಆ ಸಂಜೆ ಬಸ್ಸಿಗೆ ಇದ್ದಿಲು ತುಂಬುವಾಗ ಷಡಕ್ಷರಿ ಹೋಟೆಲಿನ ಹೊಸಿಲಲ್ಲೇ ನಿಂತ. ಹಲಗೆಯ ಮೇಲೆ ಕೂರಲಿಲ್ಲ.

"ಊಟ ಬ್ಯಾಡ ಕಣವ್ವಾ. ಜನ ನಗ್ತಾರೆ ಅಂತ ತಂಗಿ ಮದ್ವೆಗೂ ಓಗ್ನಿಲ್ಲ. ಕಣ್ಣಿಗೆ ನಿದ್ದೆ ಇಲ್ಲ. ಮೈ ಬಂದ್ರೆ ಮನ್ಸು ಇಂಗಾಯ್ತದೆ ಅಂತ ನಂಗೆ ಗೊತ್ತೇ ಇರ್ನಿಲ್ಲ."

"ಗೊತ್ತಾಗ್ಲಿ ಅಂತ್ಲೇ ಕಣಪ್ಪ ತುಪ್ಪ ಬಡಿಸಿದ್ದು" ಅಂದಳು ಆಕೆ. "ಆ ಏರಲ್ಲಿ ನನ್ನ ಇಳಿಸ್ದೆಯಲ್ಲ, ಅದುಕ್ಕೇ."

ಅವನಿಗೆ ಮೊದಲು ತಿಳಿಯಲಿಲ್ಲ. ಆಮೇಲೆ ತಿಳಿಯಿತು. ತಿಳಿಯುತ್ತ ಹೋದದ್ದು ಅವನ ಮುಖದಲ್ಲಿ ಕಂಡಿತು. ಅವನ ಬಾಯಿಗೆ ಬಂದ ಅವ್ವ ಎಂಬ ಮಾತು ಅಲ್ಲೇ ನಿಂತಿತು. ಅಷ್ಟನ್ನೂ ಆಕೆ ಕಣ್ಣು ಮಿಟುಕಿಸದೆ ನೋಡಿದಳು.

ಕೆಲವು ದಿನ ಅವನು ಬಸ್ಸಿನಲ್ಲೇ ಕೂತ. ಆಮೇಲೆ ಹಸಿವು ತಾಳದೆ ಬಂದು ಹಲಗೆಯ ಮೇಲೆ ಕೂತ. ಆಕೆ ಒಂದೇ ಮುದ್ದೆ ಇಟ್ಟು, ಸೊಪ್ಪಿನ ಸಾರು ಬಿಟ್ಟಳು. ಅವನು ತುಪ್ಪದ ಗಿಂಡಿಯಿಡುವ ಗೂಡಿನ ಕಡೆ ನೋಡಿದ.

"ತುಪ್ಪ ಮುಗೀತು" ಅಂದಳು.

ಗಿಂಡಿ ತುಂಬಿತ್ತು. ಮಾರನೆಯ ವಾರ ಅದರ ಬಾಯಿಗೆ ಬಟ್ಟೆ ಕಟ್ಟಿ, ಮೊಮ್ಮಗನಿಗೆಂದು ಅದೇ ಬಸ್ಸು ಹತ್ತಿದಳು. ಏರಿನಲ್ಲಿ ಬಸ್ಸು ಕೆಮ್ಮಿತು. ಷಡಕ್ಷರಿ ಇಳಿದ. ದಾಕ್ಷಾಯಣಮ್ಮ ಗಿಂಡಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದಳು.