ಅರಳಿ ಧೂಳಿನ ದಾವೆ

ಕಸ್ತೂರೆವ್ವ ಸಾವಕಾರರ ಮೇಲೆ ದಾವೆ ಹೂಡಿದ್ದಾಳೆ ಎಂಬ ಸುದ್ದಿ ಹಳೇ ಹುಬ್ಬಳ್ಳಿಯ ಓಣಿಗೆ ಮುಟ್ಟಿದ ದಿನ, ಹೆಂಗಸರು ಅವಳನ್ನು ನಳದ ಪಾಳಿಯಿಂದ ಹೊರಗೆ ದಬ್ಬಿದರು. ಅವರೆಲ್ಲ ಅದೇ ಸಾವಕಾರರ ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿಯಿಂದ ಕಾಳು ಬಿಡಿಸುವ ಯಂತ್ರಗಳ ಮುಂದೆ ದುಡಿಯುವವರು.

"ನಿನ್ನ ಕೆಮ್ಮಿಗೆ ಮಿಲ್ಲಿಗೆ ಕೀಲಿ ಬಿದ್ದರ ನಮ್ಮ ಮಕ್ಕಳು ಏನ ತಿನ್ನಬೇಕ?" ಎಂದು ಅವಳ ಕೊಡ ಒದ್ದವಳು ಸ್ವಂತ ನೆಗೆಣ್ಣಿ ಅಕ್ಕವ್ವ. ಇಬ್ಬರ ಗಂಡಂದಿರು ಅಣ್ಣತಮ್ಮಂದಿರು. ನಡುಗೋಡೆಯ ಜಗಳದಲ್ಲಿ ಇವರಿಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವು.

ಕಸ್ತೂರೆವ್ವ ಹೆದರುವ ಹೆಂಗಸಲ್ಲ. ಮದುವೆಯಾದಾಗಿನಿಂದ ಆ ಮಿಲ್ಲಿನಲ್ಲಿ ಅರಳಿ, ಅಂದರೆ ಹತ್ತಿಯ, ಧೂಳು ಕುಡಿದಿದ್ದಳು. ಈಗ ಕಟ್ಟೆ ಹತ್ತಲೂ ಉಸಿರು ಸಾಲುತ್ತಿರಲಿಲ್ಲ. ಕೆಲಸದಿಂದ ತೆಗೆದಾಗ ಸಾವಕಾರರು, "ರೋಗ ಮನಿಯಿಂದ ತಂದೀದಿ, ಮನಿಗೇ ಒಯ್ಯಿ" ಅಂದಿದ್ದರು. ಆ ಮಾತು ಅವಳನ್ನು ಧಾರವಾಡದ ಕೋರ್ಟಿಗೆ ತಂದಿತ್ತು.

೧೯೬೩ರಲ್ಲಿ ದಾವೆ ವಿಚಾರಣೆಗೆ ಬಂತು. ಮಿಲ್ಲಿನ ವಕೀಲ ಮಹಾಂತಯ್ಯನವರು ಕಸ್ತೂರೆವ್ವನನ್ನು ಮೆಲ್ಲಗೆ ಕೇಳಿದರು: "ಮನ್ಯಾಗ ಕಟಗಿ ಒಲಿ ಐತೇನು?"

"ಐತ್ರಿ."

"ನಿಮ್ಮಪ್ಪ ಹೆಂಗ ಸತ್ತ?"

"ಕ್ಷಯ ಆಗಿ ಸತ್ತರ್ರಿ."

ಅವರು ನ್ಯಾಯಾಧೀಶರ ಕಡೆ ತಿರುಗಿ ನಕ್ಕರು.

ಎದೆಯ ಫೋಟೋದಲ್ಲಿ ಕ್ಷಯ ಕಂಡಿಲ್ಲವೆಂದು ಅವಳನ್ನು ಪರೀಕ್ಷಿಸಿದ್ದ ಡಾಕ್ಟರ್ ಶಾಂತಯ್ಯ ಹೇಳಿದರು. ಹಾಗಾದರೆ ರೋಗ ಧೂಳಿನಿಂದ ಬಂದದ್ದೇ ಎಂದು ಕೇಳಿದಾಗ ತಡವರಿಸಿ, "ಇರಬಹುದು" ಎಂದರು.

"ಇರಬಹುದು ಅಂದ್ರ ಇಲ್ಲದಿರಲೂಬಹುದು" ಎಂದು ಮಹಾಂತಯ್ಯನವರು ಕುಳಿತರು.

ಹೊರಗೆ ಕಸ್ತೂರೆವ್ವ ಡಾಕ್ಟರರನ್ನು ಅಡ್ಡಗಟ್ಟಿದಳು. "ಉಸಿರು ಹಿಡಿಯೋದು ನನಗ, ಅನುಮಾನ ನಿಮಗೇನ್ರಿ?"

"ಒಬ್ಬಾಕಿನ್ನ ನೋಡಿ ಆಣಿ ಮಾಡಾಕ ಬರಂಗಿಲ್ಲವ್ವಾ. ಅದೇ ಧೂಳಿನ್ಯಾಗ ದುಡಿಯೋ ಮತ್ತೊಬ್ಬರನ್ನ ಕರಕೊಂಡು ಬಾ."

ಅವಳು ಮನೆಮನೆಗೆ ಹೋದಳು. ಒಬ್ಬರೂ ಬರಲಿಲ್ಲ. ಒಬ್ಬಾಕೆ ಬಾಗಿಲಲ್ಲೇ ಉಗುಳಿದಳು.

ಮುಂದಿನ ತಾರೀಖಿಗೆ ಮಿಲ್ಲಿನವರು ತಮ್ಮ ಸಾಕ್ಷಿಯಾಗಿ ಅಕ್ಕವ್ವನನ್ನೇ ತಂದರು. ವೈರಿಗಿಂತ ಒಳ್ಳೆಯ ಸಾಕ್ಷಿ ಬೇರೆ ಯಾರು? ಕಟಕಟೆಯಲ್ಲಿ ನಿಂತು ಅವಳು ಕಸ್ತೂರೆವ್ವನನ್ನು ದುರುಗುಟ್ಟಿ ನೋಡಿದಳು.

"ಈಕಿಗಿ ಮೊದಲಿಂದನೂ ಕೆಮ್ಮು ಇತ್ತಲ್ಲಾ?" ಮಹಾಂತಯ್ಯನವರು ಕೇಳಿದರು.

"ಈಕಿ ಬಾಯಿ ಕೆಟ್ಟದ್ದು" ಎಂದಳು ಅಕ್ಕವ್ವ.

"ಅದಲ್ಲ. ನಿಮ್ಮ ಕೇರ್ಯಾಗಿನ ಮನಿಗೋಳೆಲ್ಲಾ ಹೊಲಸು. ಆ ಹೊಲಸಿನಿಂದನ ಈ ರೋಗ, ಹೌದಿಲ್ಲೊ?"

ಅಕ್ಕವ್ವನ ಮುಖ ಬಿಗಿಯಿತು. "ಯಾರ ಮನಿ ಹೊಲಸರಿ? ಹೊತ್ತು ಹುಟ್ಟೂದರಾಗ ನಾ ಸಾರಿಸಿ ಮುಗಿಸಿರ್ತೇನಿ. ಈಕಿನೂ ಅಷ್ಟ, ಸುಳ್ಳ ಯಾಕ ಹೇಳಲಿ? ಮದವ್ಯಾಗಿ ಬಂದಾಗ ಎರಡು ಕೊಡ ಹೊತ್ತು ಓಡತಿದ್ಲು. ನಾ ಹಿಂದ ಬೀಳತಿದ್ದೆ. ಎಲ್ಲಿ ಕೆಮ್ಮು ಇತ್ತ ಆಗ?"

ಸಾವಕಾರರು ಕುರ್ಚಿಯಿಂದ ಅರ್ಧ ಎದ್ದರು. ಕಸ್ತೂರೆವ್ವನ ವಕೀಲ ಮಕಬೂಲಸಾಬರು ತಡಮಾಡಲಿಲ್ಲ. "ನಿಮಗ ಉಸಿರು ಹೆಂಗೈತ್ರಿ ಅಕ್ಕವ್ವಾರ?"

ಅವಳು ಸಾವಕಾರರ ಕಡೆ ಒಮ್ಮೆ ನೋಡಿದಳು. "ರವಿವಾರ ಸೂಟಿ ಆಗಿ ಸೋಮವಾರ ಮಿಲ್ಲಿಗೆ ಹೋದ್ರ ಎದಿ ಬಿಗೀತೈತ್ರಿ. ಮಳೆಗಾಲದಾಗ ಮಿಲ್ಲು ಬಂದ್ ಆದಾಗ ಹೆಬ್ಬಳ್ಳಿಗೆ ತವರಿಗೆ ಹೋಗ್ತೇನಿ. ಅಲ್ಲೂ ಕಟಗಿ ಒಲಿನ ಐತ್ರಿ. ಆದರೂ ಎದಿ ಹಗರ ಆಕ್ಕೈತಿ."

ನ್ಯಾಯಾಧೀಶರು ಅವಳನ್ನೂ ಪರೀಕ್ಷಿಸಲು ಹೇಳಿದರು. ಶಾಂತಯ್ಯನವರು ಇನ್ನೊಮ್ಮೆ ಕಟಕಟೆ ಹತ್ತಿದಾಗ 'ಇರಬಹುದು' ಎನ್ನಲಿಲ್ಲ. ಎರಡೂ ಎದೆಗಳಲ್ಲಿ ಒಂದೇ ರೋಗ, ಸೋಮವಾರ ಬಿಗಿದು ಸೂಟಿಯಲ್ಲಿ ಹಗುರಾಗುವುದು ಅದರ ಗುರುತು, ಅದು ಹತ್ತಿ ಧೂಳಿನದೇ ಎಂದರು. ತೀರ್ಪು ಕಸ್ತೂರೆವ್ವನ ಕಡೆ ಆಯಿತು. ಮಿಲ್ಲಿನವರ ಅಪೀಲೂ ಬಿದ್ದುಹೋಯಿತು.

ಅಷ್ಟರಲ್ಲಿ ಅಕ್ಕವ್ವನ ಕೆಲಸವೂ ಹೋಗಿತ್ತು. ಕಸ್ತೂರೆವ್ವ ಅವಳ ಬಾಗಿಲಿಗೆ ಹೋಗಿ ನಿಂತಳು. "ಅಕ್ಕಾ, ನೀನೂ ದಾವೆ ಹೂಡು. ವಕೀಲರಿಗೆ ನಾ ಹೇಳ್ತೇನಿ."

"ನಿನ್ನ ಸಲುವಾಗಿ ಹೇಳಿಲ್ಲ ನಾ. ನಮ್ಮ ಮನಿ ಹೊಲಸು ಅಂದ ಆ ಮಿಲ್ಲಿನ ವಕೀಲ. ಹೋಗತ್ಲಾಗ."

ಬಾಗಿಲು ಮುಚ್ಚಿತು. ಕಸ್ತೂರೆವ್ವ ಕಟ್ಟೆಯ ಮೇಲೆ ಕುಳಿತು, ಉಸಿರು ತಿರುಗುವ ತನಕ ಕಾದು, ಗೋಡೆ ಹಿಡಿದು ತನ್ನ ಮನೆಗೆ ನಡೆದಳು.